ಕಂಬ ತೆಗೆದು ನೋಡು

ನನ್ನ ಮಾವ ಮೂವತ್ತೆರಡು ವರ್ಷ ಸೇತುವೆ ಕಟ್ಟಿದ ಇಂಜಿನಿಯರು. ನಿವೃತ್ತರಾದ ಮೇಲೆ ಕಟ್ಟಲು ಸೇತುವೆ ಸಿಗದೆ ನನ್ನ ವಕೀಲಿಕೆಯ ಮೇಲೆ ಕಣ್ಣು ಹಾಕಿದರು. ನಾನೋ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಆದರೂ ಅವರನ್ನು ಆಫೀಸಿಗೆ ಬಿಟ್ಟುಕೊಂಡೆ. ತಪ್ಪು ನನ್ನದೇ.

ಆಗ ನನ್ನ ಕೈಯಲ್ಲಿದ್ದದ್ದು ಟೈಲರಮ್ಮನ ಕೇಸು. ಅವಳಿಂದ ಅಂಗಡಿ ಬಿಡಿಸಲು ಕಟ್ಟಡದ ಮಾಲೀಕ ದಾವೆ ಹೂಡಿದ್ದ. ಎರಡು ವರ್ಷದ ಹಿಂದೆ ಅವಳು ತಂದ ಮೋಟಾರು ಹೊಲಿಗೆ ಮಿಷನ್ನುಗಳು ಅದುರಿ ಅದುರಿ ಗೋಡೆ ಬಿರುಕು ಬಿಟ್ಟಿತಂತೆ! ಬಿರುಕು ಅದಕ್ಕಿಂತ ಮೊದಲೇ ಇತ್ತು ಎಂದು ಸಾಕ್ಷಿ ಹೇಳಲು ಪಕ್ಕದಂಗಡಿಯ ಕ್ಷೌರಿಕ ಒಪ್ಪಿದ್ದ. ಗೆದ್ದೇಬಿಟ್ಟೆ ಎಂದು ನಾನು ಬೀಗುತ್ತಿದ್ದೆ. ಸೋತರೆ ಬೀದಿಗೆ ಬೀಳುವವರು ಟೈಲರಮ್ಮ ಮತ್ತು ಅವಳ ಎಂಟು ವರ್ಷದ ಮಗಳು.

ಮಾವ ನನ್ನ ವಾದದ ಚಿತ್ರವನ್ನು ಹಾಳೆಯ ಮೇಲೆ ಬರೆದರು. ಮೇಲೊಂದು ಚಪ್ಪಡಿ: ಬಿರುಕು ಹಳೆಯದು. ಕೆಳಗೆ ಒಂದೇ ಒಂದು ಕಂಬ: ಕ್ಷೌರಿಕ.

"ಒಂದು ಕಂಬ ತೆಗೆದ್ರೂ ಸೇತುವೆ ನಿಲ್ಬೇಕಮ್ಮ. ಭಾರ ಹಾಕಿ ನೋಡೋಣ."

ಭಾರ ಹಾಕಿದ್ದು ನಮ್ಮ ಊಟದ ಮೇಜಿನ ಮೇಲೆ. ನನ್ನ ಗಂಡ ಸೌಟು ಹಿಡಿದ ನ್ಯಾಯಾಧೀಶ. ಮಾವನೇ ಕ್ಷೌರಿಕ. ಎದುರಾಳಿ ವಕೀಲರು ನಮ್ಮತ್ತೆ. ಇಷ್ಟು ವರ್ಷ ಮಾವನನ್ನೇ ಪ್ರಶ್ನಿಸಿ ಪಳಗಿದ ನಾಲಿಗೆ ಅದು.

"ಕೆಲಸ ಮಾಡೋವಾಗ ಎಲ್ಲಿ ನೋಡ್ತೀರಿ?" ಅತ್ತೆ ಕೇಳಿದರು.

"ಗಿರಾಕಿ ತಲೆ," ಅಂದರು ಮಾವ.

"ಮತ್ತೆ ಪಕ್ಕದ ಗೋಡೆ ನೋಡಿದ್ದು ಯಾವಾಗ? ಯಾವ ವರ್ಷ?"

ಕ್ಷೌರಿಕನ ಕೈ ಉಪ್ಪಿನಕಾಯಿಯ ಕಡೆ ಹೋಯಿತು. ಸೌಟು ಠಣ್ ಎಂದಿತು. ನಾನು ಸೋತಿದ್ದೆ.

"ಕೋರ್ಟು ಅಂದ್ರೆ ಸೇತುವೆ ಅಲ್ಲ ಮಾವ!" ಎಂದು ತಟ್ಟೆ ತಳ್ಳಿ ಎದ್ದೆ.

"ಬಿದ್ದಿದ್ದು ಮನೇಲಿ ಬಿತ್ತಲ್ಲ, ಒಳ್ಳೇದಾಯ್ತು," ಎಂದು ಮಾವ ನನ್ನ ಪಾಲಿನ ಪಲ್ಯವನ್ನೂ ಬಡಿಸಿಕೊಂಡರು.

ಮೈ ಉರಿದರೂ ನಿಜ ನಿಜವೇ. ಮರುದಿನ ಬೆಳಿಗ್ಗೆ ಇನ್ನೊಂದು ಕಂಬ ಹುಡುಕಲು ನಾನೂ ಮಾವನೂ ಟೈಲರಮ್ಮನ ಅಂಗಡಿಗೆ ಹೋದೆವು. ಮಾವ ಗೋಡೆಗೆ ತೂಗುಹಾಕಿದ್ದ ಬಟ್ಟೆಗಳನ್ನೆಲ್ಲ ಸರಿಸಿದರು. ಹಿಂದೆ ಪೆನ್ಸಿಲ್ ಗೆರೆಗಳಿದ್ದವು. ಮಗಳು ಎತ್ತರವಾದಂತೆಲ್ಲ ಅಮ್ಮ ಎಳೆದು, ತಾರೀಖು ಹಾಕಿದ್ದು. ಎಲ್ಲಕ್ಕಿಂತ ಕೆಳಗಿನದು ಐದು ವರ್ಷ ಹಳೆಯದು, ಬಿರುಕನ್ನು ದಾಟಿ ಹೋಗಿತ್ತು. ಮಾವ ಭೂತಗನ್ನಡಿ ಹಿಡಿದು ನೋಡಿದವರೇ ಕಿರುಚಿದರು.

"ಬಾಮ್ಮ ಇಲ್ಲಿ! ಬಿರುಕಿನ ಒಳಗೂ ಪೆನ್ಸಿಲ್ ಕಪ್ಪು ಇಳಿದಿದೆ. ಬಿರುಕು ಆಮೇಲೆ ಬಂದಿದ್ರೆ ಒಳಗೆ ಹೇಗೆ ಹೋಗುತ್ತೆ?"

ಟೈಲರಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ, ಗೆರೆ ಎಳೀವಾಗ ಮೊನೆ ಅಲ್ಲೇ ಸಿಕ್ಕೊಂಡು ಮುರಿದಿತ್ತು ಸಾರ್! ಮರ್ತೇಬಿಟ್ಟಿದ್ದೆ."

ವಿಚಾರಣೆಯ ದಿನ ಎದುರಾಳಿ ವಕೀಲರು ಕ್ಷೌರಿಕನಿಗೆ ಅತ್ತೆಯ ಪ್ರಶ್ನೆಯನ್ನೇ ಕೇಳಿದರು. "ನಾನು ತಲೆ ನೋಡೋನು ಸ್ವಾಮಿ, ಗೋಡೆ ಅಲ್ಲ," ಅಂದುಬಿಟ್ಟ ಪುಣ್ಯಾತ್ಮ. ಕಂಬ ದಡಾರನೆ ಉರುಳಿತು. ನನಗೆ ಭಯವಾಗಬೇಕಿತ್ತು, ಆದರೆ ಬಂದದ್ದು ನಗು. ಅದನ್ನು ಕೆಮ್ಮಿ ಮುಚ್ಚಿಕೊಂಡು, ನ್ಯಾಯಾಲಯವೇ ಬಂದು ಗೋಡೆ ನೋಡಬೇಕೆಂದು ಕೇಳಿಕೊಂಡೆ.

ನ್ಯಾಯಾಧೀಶೆ ಬಂದರು. ಮಾವನ ಭೂತಗನ್ನಡಿಯಲ್ಲಿ ಬಿರುಕಿನೊಳಗೆ ಬಹಳ ಹೊತ್ತು ಇಣುಕಿದರು. ತಾರೀಖು ಓದಿದರು. ಆಮೇಲೆ ಮಾವ ಕೇಳಿದ್ದ ಪ್ರಶ್ನೆಯನ್ನೇ ಎದುರಾಳಿ ವಕೀಲರಿಗೆ ಕೇಳಿದರು. ವಕೀಲರು ಮಾಲೀಕನ ಮುಖ ನೋಡಿದರು. ಮಾಲೀಕ ಸೂರು ನೋಡಿದ.

ತೀರ್ಪು ಬಂತು: ಟೈಲರಮ್ಮ ಅಂಗಡಿ ಬಿಡಬೇಕಾಗಿಲ್ಲ. ಅಂದು ಸಂಜೆ ಅವಳು ಮಗಳನ್ನು ಗೋಡೆಗೆ ನಿಲ್ಲಿಸಿ ಹೊಸ ಗೆರೆ ಎಳೆದಳು. ಆಮೇಲೆ ನನ್ನನ್ನೂ ಎಳೆದು ನಿಲ್ಲಿಸಿದಳು. "ನಿಮ್ದೂ ಒಂದಿರ್ಲಿ ಮೇಡಂ."

ಮಾವ ಬಿಡುತ್ತಾರೆಯೇ? ಟೇಪು ತೆಗೆದು ಪರೀಕ್ಷಿಸಿದರು. "ನಿನ್ನ ಎತ್ತರಕ್ಕಿಂತ ಎರಡಿಂಚು ಜಾಸ್ತಿ ಇದೆ. ಅಳತೆ ತಪ್ಪು."

"ಮೇಡಂ ಕುಣೀತಾ ಇದಾರೆ ಸಾರ್!"

"ನೆಟ್ಟಗೆ ನಿಲ್ಲಮ್ಮ."

ಮೂರು ಸಲ ನಿಂತೆ, ಮೂರು ಅಳತೆ ಬಂತು. ಕೊನೆಗೆ ಮಾವ, ನಿಲ್ಲುವುದು ಹೇಗೆಂದು ತೋರಿಸಲು ತಾವೇ ಗೋಡೆಗೆ ಬೆನ್ನು ಕೊಟ್ಟರು. ನಾನು ಬಗ್ಗಿ ನೋಡಿದೆ. ಅವರ ಹಿಮ್ಮಡಿಯೂ ನೆಲದ ಮೇಲಿರಲಿಲ್ಲ.