ಅಕ್ಕನ ಏಪ್ರನ್ನಿಗೊಂದು ಪದ

ಅಕ್ಕನ ಕೆಲಸ ಏನು ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ ನೋಡಿ. ಕಾಲು ಕಳ್ಕೊಂಡವರಿಗೆ ಕಾಲು ಮಾಡ್ಕೊಡೋ ವರ್ಕ್‌ಶಾಪಲ್ಲಿ ಇಪ್ಪತ್ತು ವರ್ಷದಿಂದ ಇದಾಳೆ. ಕಾಲು ಮಾಡೋರು ಬೇರೆ. ಮಾಡಿದ ಕಾಲು ನೋಡಿ "ನಂಗಿದು ಬೇಡ" ಅಂತ ಮುಖ ತಿರುಗಿಸ್ತಾರಲ್ಲ, ಅವರ ಪಕ್ಕ ಸ್ಟೂಲ್ ಹಾಕ್ಕೊಂಡು ಕೂರೋಳು ಇವಳು. ಊರ ಸುದ್ದಿಯೆಲ್ಲ ಹೇಳ್ತಾಳೆ, ಕಾಲಿನ ಮಾತು ಮಾತ್ರ ಎತ್ತಲ್ಲ. ನಾಲ್ಕನೇ ದಿನ ಅವರೇ "ಕೊಡಮ್ಮ ಇತ್ಲಾಗೆ" ಅಂತಾರೆ.

ಹೊಸ ಮ್ಯಾನೇಜರ್ ಬಂದವನೇ, ಎಲ್ಲರೂ ಏಪ್ರನ್ ಮೇಲೆ ಕೆಲಸದ ಹೆಸರು ಹೊಲಿಸ್ಕೊಂಡು ಬನ್ನಿ ಅಂದ. ಅಕ್ಕ ಏಪ್ರನ್ ಮಡಚ್ಕೊಂಡು ತಮ್ಮನ ಅಂಗಡಿಗೆ ಹೋದಳು.

ತಮ್ಮ ಟೈಲರ್. ಹೋದ ವರ್ಷ ಲಾರಿಗೆ ಸಿಕ್ಕಿ ಬಲಗಾಲು ಮೊಣಕಾಲ ಕೆಳಗೆ ಹೋಯ್ತು. ಅಕ್ಕನ ವರ್ಕ್‌ಶಾಪಲ್ಲೇ ಮಾಡಿಸಿದ ಕಾಲು ಮೂರು ತಿಂಗಳಿಂದ ಅಂಗಡಿ ಮೂಲೇಲಿ ನಿಂತಿದೆ, ಅಳತೆ ಟೇಪು ನೇತುಹಾಕೋಕೆ. ಊರವರನ್ನೆಲ್ಲ ಒಪ್ಪಿಸಿದವಳಿಗೆ ಒಡಹುಟ್ಟಿದವನ ಮುಂದೆ ಬಾಯಿ ಕಟ್ಟಿಹೋಗಿತ್ತು. ಮಾತೆತ್ತಿ, ಅವನು ಒಂದೇ ಸಲಕ್ಕೆ ಬೇಡ ಅಂದ್ಬಿಟ್ರೆ? ಹಾಗೇ ಮೂಲೆ ಹಿಡಿದುಬಿಟ್ರೆ?

"ಏನಂತ ಬರೀಲಿ?"

"ನೀನೇ ಹೇಳು."

"ಪುಸಲಾಯಿಸೋಳು. ಇನ್ನೇನು?"

"ಹೊಲಿ ಮತ್ತೆ."

ಎಡಗಾಲೊಂದರಲ್ಲೇ ಪೆಡಲ್ ತುಳಿದು ಹೊಲಿದ. ಅಕ್ಷರಗಳು ಕುಡಿದು ಮನೆಗೆ ಹೊರಟವರ ಥರ ವಾಲಾಡ್ತಿದ್ವು. ಅಕ್ಕ ಕಟ್ಕೊಂಡು ಕನ್ನಡಿ ನೋಡಿದಳು.

"ಸೊಟ್ಟ ಇದೆ ಕಣೋ. ಇರ್ಲಿ ಬಿಡು, ಕೇಳಿದವರಿಗೆ ನನ್ ತಮ್ಮ ಹೊಲಿದಿದ್ದು ಅಂತೀನಿ."

"ಬಿಚ್ಚೇ ಅದನ್ನ, ನನ್ನ ಮಾನ ಕಳೀಬೇಡ." ಬ್ಲೇಡ್ ತಗೊಂಡು ದಾರ ಕೀಳೋಕೆ ಕೂತ. ಒಂದೆರಡು ಅಕ್ಷರ ಕಿತ್ತಮೇಲೆ, ತಲೆ ಎತ್ತದೆ ಅಂದ: "ಪದಾನೂ ಸರಿಯಿಲ್ಲ. ಪುಸಲಾಯಿಸೋದು ಅಂದ್ರೆ ಇಲ್ಲದ ಆಸೆ ಹಚ್ಚೋದು. ಗಿರಾಕಿಗೆ ನಾನು ಮಾಡೋದು ಅದು. ನಿಂದು ಒಲಿಸೋದು. ಒಳಗಿರೋ ಆಸೆ ತಾನಾಗಿ ಏಳೋವರೆಗೂ ಕಾಯೋದು. ಮೂರು ತಿಂಗಳಾಯ್ತು, ಆ ಕಾಲಿನ ಬಗ್ಗೆ ಒಂದು ಮಾತಾಡಿಲ್ಲ ನೀನು. ನಂಗೇನು ತಿಳಿಯಲ್ವಾ ನಿನ್ನ ವರಸೆ?"

ಅದು ವರಸೆ ಅಲ್ವೋ, ಹೆದರಿಕೆ ಅನ್ನೋ ಮಾತು ಅಕ್ಕನ ತುದಿನಾಲಿಗೆಗೆ ಬಂದಿತ್ತು. ನುಂಗ್ಕೊಂಡಳು.

"ನೇರ ಹೊಲಿಗೆ ಬೇಕಂದ್ರೆ ಎರಡು ಕಾಲೂ ಬೇಕು," ಅಂತ ಗೊಣಗಿದ. "ಟೇಪು ತೆಗೆದು ಆ ಕಾಲು ಕೊಡು ಇತ್ಲಾಗೆ."

ಅಕ್ಕ ಕೊಟ್ಟಳು. ಅವನು ಪಟ್ಟಿ ಬಿಗಿಯೋ ತನಕ ಆ ಕಡೆ ನೋಡದೆ, ಪಕ್ಕದ ಮನೆ ಸುದ್ದಿ ಶುರು ಮಾಡಿದಳು.