ನಿಟ್ಟೂರಿನ ಸ್ವಾಮಿ

"ಹನುಮಕ್ಕಾ, ಇದೀಯೇನಮ್ಮಾ?"

ಹಿತ್ತಲಿನಿಂದ ಬಂದ ಗಂಡಸಿನ ದನಿ ಕೇಳಿ ಡಾಕ್ಟರ್ ಉಮಾಮಹೇಶ್ವರಿ ಬರೆಯುವುದನ್ನು ನಿಲ್ಲಿಸಿದಳು. ಎದುರಿಗೆ ಕೂತಿದ್ದ ಹನುಮಕ್ಕನ ಮುಖ ಬಿಳಿಚಿಕೊಂಡಿತು. ಅರವತ್ತು ದಾಟಿದ ಮನುಷ್ಯನೊಬ್ಬ ಎಲೆಅಡಿಕೆ ಪೊಟ್ಟಣ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದ.

"ಯಾರೋ ಬಂದವ್ರೆ. ಆಮೇಕ್ ಬತ್ತೀನಿ ಬುಡು."

"ಬಂದೋನು ಬಾ ಸ್ವಾಮಿ," ಎಂದಳು ಹನುಮಕ್ಕ, ಬೇರೆ ದಾರಿ ಕಾಣದೆ.

ಸ್ವಾಮಿ! ಉಮಾ ಕೈಲಿದ್ದ ಪೆನ್ನನ್ನು ಕೆಳಗಿಟ್ಟಳು.

ಒಂಬತ್ತು ವರ್ಷದ ಹಿಂದೆ ತುಮಕೂರಿನ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಈ ಹೆಂಗಸು ಹೇಳಿದ್ದು ಒಂದೇ ಮಾತು. "ಸ್ವಾಮಿ ದಿನಾ ಮಧ್ಯಾಹ್ನ ಬತ್ತಾನೆ, ನನ್ ಕೂಟೆ ಮಾತಾಡ್ತಾನೆ." ಮನೆಗೆ ಯಾರೂ ಬರುವುದಿಲ್ಲ, ಅತ್ತೆ ಒಬ್ಬಳೇ ಮಾತಾಡಿಕೊಂಡು ನಗುವುದು ಪಕ್ಕದ ಮನೆಗೂ ಕೇಳಿಸಿದೆ ಎಂದು ಜೊತೆಗಿದ್ದ ಸೊಸೆ ಮಾನಸಾ ಸೇರಿಸಿದ್ದಳು. ಗಂಡ ಸತ್ತು ವರ್ಷ ತುಂಬಿರಲಿಲ್ಲ. ಇನ್ನೇನು ಬೇಕು? ಉಮಾ ತನ್ನ ಇಂಗ್ಲಿಷ್ ಪ್ರಬಂಧದಲ್ಲಿ ಸ್ವಾಮಿಯನ್ನು ‘ದಿ ಲಾರ್ಡ್’ ಮಾಡಿದಳು. ದೇವರನ್ನೂ ಏಕವಚನದಲ್ಲೇ ಕರೆಯುವ ಜನ ನಾವು. ‘ಬತ್ತಾನೆ’ ಎಂಬುದು ಅವಳಿಗೆ ಅನುಮಾನ ತರಲಿಲ್ಲ.

ದುಃಖದಲ್ಲಿರುವ ಮೆದುಳು ದೇವರ ದನಿಯನ್ನು ಹೇಗೆ ಹುಟ್ಟಿಸಿಕೊಳ್ಳುತ್ತದೆ ಎಂಬ ಆ ಪ್ರಬಂಧವನ್ನು ದೇಶವಿದೇಶದ ನೂರ ನಲವತ್ತಮೂರು ಪ್ರಬಂಧಗಳು ಉಲ್ಲೇಖಿಸಿದ್ದವು. ಅವಳ ಉಳಿದ ಹನ್ನೊಂದಕ್ಕೂ ಸೇರಿ ಸಿಕ್ಕ ಉಲ್ಲೇಖ ಹತ್ತೊಂಬತ್ತು. ಸೋಮವಾರ ಪ್ರೊಫೆಸರ್ ಹುದ್ದೆಯ ಸಂದರ್ಶನ. ಆ ರೋಗಿ ಈಗ ಹೇಗಿದ್ದಾಳೆ ಎಂದು ಕೇಳಿಯೇ ಕೇಳುತ್ತಾರೆಂದು, ಮುಂಚೆ ತಿಳಿಸದೆ ನಿಟ್ಟೂರಿಗೆ ಬಂದಿದ್ದಳು.

ಈಗ ಆ ದೇವರು ಚಪ್ಪಲಿ ಬಿಟ್ಟು ಒಳಬಂದು ಗೋಡೆಗೊರಗಿ ಕೂತ.

"ಮಹಾಲಿಂಗಸ್ವಾಮಿ ಅಂತ ಕಣಮ್ಮ. ರೈಲ್ವೆ ಗೇಟಲ್ಲಿದ್ದೆ, ಈಗ ರಿಟೈರು," ಎಂದು ತಾನೇ ಹೇಳಿಕೊಂಡ. "ಇವ್ರ ಯಜಮಾನ ನನ್ ದೋಸ್ತಿ. ಅವ್ನು ಹೋದ್ ಮೇಲೆ ಪಾಪ, ಒಂದ್ ಗಳಿಗೆ ಮಾತಾಡ್ಸ್ಕಂಡ್ ಹೋಗಾನ ಅಂತ ಬತ್ತೀನಿ."

ಹನುಮಕ್ಕ ಮೂರು ಲೋಟ ಮಜ್ಜಿಗೆ ತಂದಳು. ಅವಳ ಕೈ ನಡುಗಿ ತಟ್ಟೆಯ ತುಂಬ ಚೆಲ್ಲಿತ್ತು. ಆ ನಡುಕ ಎಲ್ಲಿಂದ ಬಂತೆಂದು ಉಮಾಳಿಗೆ ಯಾರೂ ಹೇಳಬೇಕಿರಲಿಲ್ಲ. ಮಾತ್ರೆ ಬರೆದುಕೊಟ್ಟವಳು ಅವಳೇ.

"ಅವತ್ತೇ ಯಾಕಮ್ಮ ಹೇಳ್ಲಿಲ್ಲ?"

"ಏನಂತ ಹೇಳ್ಲಿ ತಾಯಿ? ಸೊಸೆ ಪಕ್ಕದಾಗೇ ಕೂತಿದ್ಲು. ಬಾಯ್ತಪ್ಪಿ ಸ್ವಾಮಿ ಅಂದ್ಬುಟ್ಟೆ. ನೀವು ದೇವ್ರು ಅಂತ ಬರ್ಕಂಡ್ರಿ." ಹನುಮಕ್ಕ ಸೆರಗಿನಿಂದ ತಟ್ಟೆ ಒರೆಸಿದಳು. "ಗಂಡ ಸತ್ತು ವರ್ಸ ಆಗಿಲ್ಲ, ಮನೆಗೆ ಗಂಡಸ್ನ ಸೇರಿಸ್ತಾಳೆ ಅನ್ನಿಸ್ಕಳಾದ್ಕಿಂತ ತಲೆ ಕೆಟ್ಟೈತೆ ಅನ್ನಿಸ್ಕಳಾದೇ ವಾಸಿ ಅಂದ್ಕಂಡೆ."

"ಮಾತ್ರೆ?"

"ನುಂಗ್ದೆ. ಸೊಸೆ ಬಾಯಿ ತೆಗ್ಸಿ ನೋಡ್ತಾಳೆ. ನೀವೇ ಹೇಳಿದ್ರಂತಲ್ಲ."

"ಬಿಪಿ ಮಾತ್ರೆ ಅಂದಿದ್ಯಲ್ಲ ನೀನು!" ಸ್ವಾಮಿ ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟ. ಆಮೇಲೆ ಅದನ್ನು ಮುಟ್ಟಲಿಲ್ಲ.

ಉಮಾಳಿಗೆ ನಾಚಿಕೆ ಒಂದು ಕಡೆ, ಸೋಮವಾರದ ಸಂದರ್ಶನ ಒಂದು ಕಡೆ. ಯಾರಾದರೂ ಒಂದು ಸಲ ಈ ಮನೆಗೆ ಬಂದು ನೋಡಿದ್ದರೆ ಸಾಕಿತ್ತು. ಮೊದಲು ಬರಬೇಕಾಗಿದ್ದವಳು ತಾನೇ. ಸಂದರ್ಶನಕ್ಕೆಂದು ತೊಡೆಯ ಮೇಲಿಟ್ಟುಕೊಂಡಿದ್ದ ತನ್ನ ಪ್ರಬಂಧಗಳ ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿದಳು.

"ನಾನು ಬರೆದದ್ದು ತಪ್ಪು ಅಂತ ಅದು ಅಚ್ಚಾದ ಪತ್ರಿಕೆಗೆ ನಾನೇ ಬರೆದು ಕಳಿಸ್ತೀನಿ," ಎಂದಳು.

ಹನುಮಕ್ಕ ಗಾಬರಿಯಾದಳು. "ನಮ್ ಸೊಸೆ ಓದ್ತಾಳಾ ಅದ್ನ?"

"ಇಲ್ಲಮ್ಮ. ಅದರಲ್ಲಿ ನಿಮ್ಮ ಹೆಸರಿಲ್ಲ, ಊರಿನ ಹೆಸರೂ ಇಲ್ಲ."

"ಹಂಗಾದ್ರೆ ಬರ್ಕಳಿ."

ರಸ್ತೆಯಲ್ಲಿ ಹಿರೇಹಳ್ಳಿಯ ಫ್ಯಾಕ್ಟರಿ ಬಸ್ಸು ಹಾರನ್ ಹೊಡೆಯಿತು. ಮಾನಸಾಳ ಮೊದಲ ಪಾಳಿ ಮುಗಿದಿತ್ತು. ಸ್ವಾಮಿ ಎದ್ದು, ಚಪ್ಪಲಿ ಕೈಗೆತ್ತಿಕೊಂಡು, ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ಹೋದ. ಒಂಬತ್ತು ವರ್ಷದ ರೂಢಿ.

ಮಾನಸಾ ಊಟದ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಒಳಬಂದಳು. "ಅಯ್ಯೋ ಮೇಡಂ, ನೀವಾ? ಒಂದ್ ಫೋನ್ ಮಾಡಿದ್ರೆ ರಜಾ ಹಾಕ್ತಿದ್ನಲ್ಲ. ಹೆಂಗವ್ರೆ ನಮ್ಮತ್ತೆ?"

"ಮಾತ್ರೆ ಇವತ್ತಿಂದ ಅರ್ಧ. ಒಂದೇ ಸಲ ನಿಲ್ಲಿಸೋ ಹಾಗಿಲ್ಲ, ನಿಧಾನವಾಗಿ ಪೂರ್ತಿ ಬಿಡಿಸ್ತೀನಿ. ಮುಂದಿನ ತಿಂಗಳು ನಾನೇ ಬರ್ತೀನಿ. ಬಾಯಿ ತೆಗೆಸಿ ನೋಡೋದು ಬೇಡ."

"ವಾಸಿಯಾಯ್ತಾ ಹಂಗಾದ್ರೆ!" ಮಾನಸಾಳ ಮುಖ ಅರಳಿತು. ಆಮೇಲೆ ಅವಳ ಕಣ್ಣು ನೆಲದ ಮೇಲಿನ ತಟ್ಟೆಗೆ ಹೋಯಿತು. "ಮೂರು ಲೋಟ ಯಾಕತ್ತೆ? ಯಾರ್ ಬಂದಿದ್ರು?"

ಹನುಮಕ್ಕ ಹಿತ್ತಲ ಬಾಗಿಲಿನತ್ತ ನೋಡಿದಳು.

ಉಮಾ ಕೈ ಚಾಚಿ, ಸ್ವಾಮಿ ಅರ್ಧ ಕುಡಿದಿಟ್ಟಿದ್ದ ಲೋಟವನ್ನು ಎತ್ತಿಕೊಂಡಳು.

"ನಾನೇ ಇನ್ನೊಂದು ಕೇಳಿದೆ. ಏನ್ ಬಿಸಿಲು ಅಲ್ವಾ," ಎಂದು ಅದನ್ನು ತುಟಿಗಿಟ್ಟು, ತಳ ಕಾಣುವವರೆಗೂ ಕುಡಿದಳು.