ಚರ್ಮದ ಸೀಟು

ನುಂಗಂಬಾಕ್ಕಂನ ಅಂಗಡಿಯವನು ಎರಡು ಗಾಡಿಗಳನ್ನು ನಾಲ್ಕು ದಿನ ಓಡಿಸಿ ನೋಡಲು ಕೊಟ್ಟಿದ್ದ. ನಿಂತು ಓಡಿಸುವ ಎಲೆಕ್ಟ್ರಿಕ್ ಕಿಕ್ ಸ್ಕೂಟರ್ ಒಂದು, ಎಲೆಕ್ಟ್ರಿಕ್ ಸೈಕಲ್ ಒಂದು. ನಾಲ್ಕನೆಯ ದಿನ ಸಂಜೆ ಒಂದನ್ನು ವಾಪಸ್ ಕೊಡಬೇಕಿತ್ತು. ನನಗೆ ಸೈಕಲ್ಲೇ ಬೇಕಿತ್ತು. ಹನ್ನೆರಡಾದಾಗ ಹುಡುಗಿ ದೊಡ್ಡವಳಾದಳೆಂದು ಅಪ್ಪ ನನ್ನ ಸೈಕಲ್ ಮಾರಿಬಿಟ್ಟಿದ್ದರು. ನಲವತ್ತಾದರೂ ಆ ಸಿಟ್ಟು ಆರಿಲ್ಲ.

ಮಾವ ಗುರುಚರಣರ ಮತ ಸ್ಕೂಟರಿಗೆ. ಮಡಿಯುಟ್ಟು ಮಠಕ್ಕೆ ಹೋಗುವವರಿಗೆ ಅದೇ ಸರಿಯಂತೆ: ನಿಂತೇ ಹೋಗಬಹುದು, ಏನನ್ನೂ ಸೋಕಬೇಕಿಲ್ಲ. ಸೈಕಲ್ಲಿಗೋ ಚರ್ಮದ ಸೀಟು, ಕೂತರೆ ಮಡಿ ಹೋಯಿತು. ಸ್ಕೂಟರನ್ನು ಮಡಚಿ ಮೆಟ್ರೋದಲ್ಲಿ ಒಯ್ಯಬಹುದೆಂದು ನನಗೊಂದು ಆಸೆ ಬೇರೆ ತೋರಿಸಿದರು. ಅಣ್ಣಾ ನಗರದ ಸ್ಟೇಷನ್ ಮೆಟ್ಟಿಲಲ್ಲಿ ಹದಿನಾರು ಕಿಲೋ ಎತ್ತುವವಳು ನಾನು ತಾನೇ? ಅತ್ತೆ ಅನಸೂಯರಿಗೆ ಯಾವುದು ಇಷ್ಟವೋ ಗೊತ್ತಿರಲಿಲ್ಲ. ಅವರನ್ನು ಯಾರೂ ಕೇಳಿರಲೂ ಇಲ್ಲ, ನಾನೂ ಸೇರಿದಂತೆ.

ಆ ನಾಲ್ಕನೆಯ ದಿನ ಬೆಳಿಗ್ಗೆ ದ್ವಾದಶಿ. ಹಿಂದಿನ ದಿನವೆಲ್ಲ ನೀರೂ ಮುಟ್ಟದೆ ಉಪವಾಸವಿದ್ದ ಅತ್ತೆ, ಮಠದ ತೀರ್ಥ ತೆಗೆದುಕೊಂಡೇ ಪಾರಣೆ ಮಾಡುವವರು. ಪಂಚಾಂಗದ ಪ್ರಕಾರ ಆರು ಐವತ್ತರೊಳಗೆ ಆಗಬೇಕು. ಮಾವ ಕಚ್ಚೆ ಬಿಗಿದು ಸ್ಕೂಟರ್ ಏರಿ ಹೊರಟರು. ಆರೂವರೆಗೆ ಅದನ್ನು ತಳ್ಳಿಕೊಂಡು, ಖಾಲಿ ತಂಬಿಗೆಯೊಂದಿಗೆ ನಡೆದು ಬಂದರು. ಮಠದಿಂದ ಬರುವಾಗ ಪುಟ್ಟ ಚಕ್ರ ಹೊಂಡಕ್ಕೆ ಇಳಿದು ತೀರ್ಥವೆಲ್ಲ ಚೆಲ್ಲಿತ್ತು. ಎರಡೂ ಕೈ ಹ್ಯಾಂಡಲ್ಲಿಗೇ ಬೇಕಾದಾಗ ತಂಬಿಗೆ ಹಿಡಿಯುವವರು ಯಾರು? ಪೆಟ್ಟಾಗಿರಲಿಲ್ಲ, ಮುಖ ಮಾತ್ರ ಚಿಕ್ಕದಾಗಿತ್ತು. ಅತ್ತೆಯ ತುಟಿ ಒಣಗಿತ್ತು.

ನನಗೆ ಸ್ನಾನವಾಗಿತ್ತು. ಯಾರನ್ನೂ ಕೇಳದೆ ತಂಬಿಗೆಯನ್ನು ಸೈಕಲ್ಲಿನ ಬುಟ್ಟಿಯಲ್ಲಿಟ್ಟೆ.

"ಸೀಕ್ರಂ ಹೋಗ್ಬಾಮ್ಮಾ ಭಾವನಾ," ಎಂದು ಅತ್ತೆ ಅವಸರಿಸಿದರು.

ಮೋಟಾರಿನ ಜೊತೆ ನಾನೂ ಪೆಡಲ್ ತುಳಿದೆ. ಇಪ್ಪತ್ತೆಂಟು ವರ್ಷವಾದರೂ ಕಾಲು ಮರೆತಿರಲಿಲ್ಲ. ಮಠದ ತಿರುವಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಆರು ನಲವತ್ತಾರಕ್ಕೆ ಅತ್ತೆಯ ಅಂಗೈಗೆ ತೀರ್ಥ ಬಿತ್ತು. ಗಡಿಯಾರ ನೋಡುತ್ತಿದ್ದ ಮಾವ ಉಸಿರುಬಿಟ್ಟರು. ಆಮೇಲೆ, ಆದರೂ ಆ ಚರ್ಮದ ಸೀಟು, ಎಂದು ರಾಗ ಎಳೆದರು.

ಅತ್ತೆ ಮೂರು ಸಲ ತೀರ್ಥ ಕುಡಿದು ಒದ್ದೆ ಕೈ ತಲೆಗೆ ಒರೆಸಿಕೊಂಡರು. "ಚರ್ಮ ಅಲ್ಲ, ರೆಕ್ಸಿನ್. ಮೊನ್ನೆ ಮಧ್ಯಾಹ್ನ ನೀವು ಮಲಗಿದ್ದಾಗ ಕೂತು ನೋಡ್ದೆ."

ಅತ್ತೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಸೀಟು ಸ್ವಲ್ಪ ಇಳಿಸಿದ್ರೆ ನಂಗೂ ಕಾಲು ನೆಲಕ್ಕೆ ಸಿಗತ್ತೆ, ಅಲ್ವಾ?"

ಸಂಜೆ ಸ್ಕೂಟರ್ ವಾಪಸ್ ಹೋಯಿತು. ಅದಕ್ಕೆ ಮೊದಲೇ ನಾನು ಸೀಟು ಇಳಿಸಿದ್ದೆ.